ಯಾರನ್ನೂ ಹೊರಗೆ ಹಾಕದ ಖಾಲಿರಾಯ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಜೀವಮಾನದಲ್ಲಿ ಒಬ್ಬರ ಮೇಲೂ ಕೈ ಎತ್ತಿದವರಲ್ಲ. ಅವರ ಬಾಯಿಂದ ಒಂದು ಕೆಟ್ಟ ಮಾತು ಬಿದ್ದದ್ದನ್ನು ನಾನು ಕೇಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದನ್ನು ಕೇಳಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಮನೆ ದಲ್ಲಾಳಿಗಳು ಅವರಿಗೆ ಇಟ್ಟ ಹೆಸರು ಖಾಲಿರಾಯ. ಜನ ವಾಸವಿರುವ ಮನೆಗಳನ್ನು ಖಾಲಿ ಮಾಡಿಸುವುದು ಅವರ ಕಸುಬು. ಅವರನ್ನು ಬಾಯ್ತುಂಬ ಬೈಯಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಆದರೆ ಅಕ್ಕನ ಗಂಡ ನೋಡಿ, ಬೈದರೂ ಬಹುವಚನದಲ್ಲೇ ಬೈಯಬೇಕು.

ಅವರಿಗೆ ಕೆಲಸ ಕೊಡುತ್ತಿದ್ದವರು ಒಬ್ಬ ಸಾಹುಕಾರರು. ಹಳೇ ಕಟ್ಟಡಗಳನ್ನು ಕೊಳ್ಳುವುದು, ಬಾಡಿಗೆಗೆ ಬಿಡುವುದು, ಮಾರುವುದು ಅವರ ವ್ಯವಹಾರ. ಈ ವ್ಯವಹಾರದ ಗುಟ್ಟು ಬಹಳ ಸಣ್ಣದು. ತಾತನ ಕಾಲದ ಬಾಡಿಗೆ ಕೊಟ್ಟುಕೊಂಡು ಹಳೇ ಬಾಡಿಗೆದಾರರು ಬೇರು ಬಿಟ್ಟಿರುವ ಕಟ್ಟಡವನ್ನು ಯಾರೂ ಮೂಸಿ ನೋಡುವುದಿಲ್ಲ. ಅವರನ್ನು ಎಬ್ಬಿಸಲು ಕೋರ್ಟಿಗೆ ಹೋದರೆ ತೀರ್ಪು ಕೇಳುವುದಕ್ಕೆ ಹೋದವನ ಮಗ ಬದುಕಿರಬೇಕು. ರೌಡಿಗಳನ್ನು ಕಳಿಸಿದರೆ ಹಿಂದೆಯೇ ಪೊಲೀಸರು ಬರುತ್ತಾರೆ. ಹಾಗಾಗಿ ಅಂಥ ಕಟ್ಟಡ ಕಡಲೆಪುರಿ ಬೆಲೆಗೆ ಸಿಗುತ್ತದೆ. ಅದೇ ಕಟ್ಟಡ ಖಾಲಿಯಾಯಿತೋ, ಕೊಳ್ಳುವವರು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಸಾಹುಕಾರರು ಅಗ್ಗಕ್ಕೆ ಕೊಂಡು, ಅಲ್ಲೇ ಒಂದು ಮನೆಯಲ್ಲಿ ಭಾವನನ್ನು ಸಂಸಾರ ಸಮೇತ ಬಾಡಿಗೆದಾರರನ್ನಾಗಿ ಕೂರಿಸುತ್ತಿದ್ದರು. ವರ್ಷ ತುಂಬುವುದರೊಳಗೆ ಉಳಿದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಯಾರನ್ನಾದ್ರೂ ನಾನು ಹೋಗಿ ಅಂದಿದೀನಾ? ತಾವಾಗೇ ಹೋದ್ರಪ್ಪ," ಎಂದು ಸಾಹುಕಾರರು ಎರಡೂ ಕೈ ಚೆಲ್ಲುತ್ತಿದ್ದರು. ಅದು ನಿಜವೂ ಆಗಿರುತ್ತಿತ್ತು, ಅದೇ ನೋಡಿ ದರಿದ್ರ.

ನನ್ನದು ಸುಣ್ಣಬಣ್ಣದ ಕೆಲಸ. ಭಾವ ಖಾಲಿ ಮಾಡಿಸಿದ ಮನೆಗಳಿಗೆ ಬಣ್ಣ ಹೊಡೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಸಾಹುಕಾರರು ಹೇಳುವ ಒಂದು ಮಾತಿನಿಂದಲೇ ಆ ಮನೆಯ ಮುಂದಿನ ಹಣೆಬರಹ ನನಗೆ ತಿಳಿಯುತ್ತಿತ್ತು. "ಬಿರುಕಿಗೆಲ್ಲ ಲಪ್ಪ ಮೆತ್ತಿ ಎರಡು ಕೈ ಬಣ್ಣ ಹೊಡಿ" ಎಂದರೆ ಹೊಸ ಬಾಡಿಗೆಗೆ ಬಿಡುತ್ತಾರೆ. "ಒಂದು ಕೈ ಸಾಕು" ಎಂದರೆ ಮಾರುತ್ತಾರೆ, ಕೊಂಡವನು ಒಡೆದುಹಾಕುತ್ತಾನೆ. ಒಡೆಯುವ ಗೋಡೆಗೆ ಎರಡು ಕೈ ಬಣ್ಣ ಯಾಕೆ?

ಭಾವನ ಕೆಲಸ ನನ್ನದಕ್ಕಿಂತ ನಾಜೂಕಿನದು. ಹೊಸ ಕಟ್ಟಡಕ್ಕೆ ಹೋದ ಮೊದಲ ಕೆಲವು ವಾರ ಅವರಂಥ ನೆರೆಯವರು ಹುಡುಕಿದರೂ ಸಿಗುವುದಿಲ್ಲ. ಮೆಟ್ಟಿಲಲ್ಲಿ ಎದುರಾದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುವರು. ಮುದುಕರ ಕೈಯಿಂದ ಚೀಲ ತೆಗೆದುಕೊಂಡು ಮೇಲೆ ತಲುಪಿಸುವರು. ಸೋರುವ ನಲ್ಲಿಗೆ ವಾಷರ್ ಹಾಕಿಕೊಡುವರು. ಆ ನೆಪದಲ್ಲಿ ಎಲ್ಲರ ಮನೆಯೊಳಗೂ ಕಾಲಿಟ್ಟು, ಕಣ್ಣು ಕಿವಿ ಎರಡನ್ನೂ ತುಂಬಿಕೊಂಡು ಬರುವರು.

"ಪ್ರತಿಯೊಬ್ಬರಿಗೂ ತಡೆಯೋಕಾಗದ್ದು ಅಂತ ಒಂದಿರುತ್ತೆ ಕಣೋ," ಎಂದು ನನಗೆ ಪಾಠ ಹೇಳುತ್ತಿದ್ದರು. "ಒಂದೇ ಒಂದು. ಅದು ಬಿಟ್ಟು ಬೇರೆ ಏನು ಮಾಡಿದ್ರೂ ಮನುಷ್ಯ ಒಗ್ಗಿಕೊಂಡುಬಿಡ್ತಾನೆ. ಅದು ಸಿಕ್ತು ಅನ್ನು, ಲಾರಿನ ಅವನೇ ಕರೆಸ್ತಾನೆ. ಮತ್ತೆ ದ್ವೇಷ ಇಟ್ಕೋಬಾರದು. ದ್ವೇಷ ಇದ್ರೆ ಅವಸರ ಬರುತ್ತೆ, ಕೆಲಸ ಕೆಡುತ್ತೆ."

ಒಬ್ಬ ನಿವೃತ್ತ ಗುಮಾಸ್ತರಿಗೆ ಮೆಟ್ಟಿಲ ಮೇಲೆ ಕಸ ಕಂಡರೆ ಆಗುತ್ತಿರಲಿಲ್ಲ. ಭಾವ ದಿನಾ ಅವರ ಬಾಗಿಲ ಮುಂದೆ ಉರಿದ ಬೆಂಕಿಕಡ್ಡಿಯೊಂದನ್ನು ಬಿಟ್ಟು ಬರುತ್ತಿದ್ದರು. ಬುಟ್ಟಿಗಟ್ಟಲೆ ಕಸ ಸುರಿದಿದ್ದರೆ ದೂರು ಕೊಡಬಹುದಿತ್ತು. ಒಂದು ಕಡ್ಡಿಯ ಮೇಲೆ ಯಾರು ದೂರು ಕೊಡುತ್ತಾರೆ? ಆ ಮನುಷ್ಯ ಪೊರಕೆ ಹಿಡಿದು ಬಾಗಿಲ ಹಿಂದೆ ಕಾದು ಕಾದು, ರಕ್ತದೊತ್ತಡ ಏರಿಸಿಕೊಂಡು ತಮ್ಮನ ಮನೆಗೆ ಹೊರಟುಹೋದರು. ಹೊಸದಾಗಿ ಮದುವೆಯಾದ ಒಂದು ಜೋಡಿಗೆ ತಮ್ಮ ಮಾತು ಬೇರೆಯವರ ಕಿವಿಗೆ ಬೀಳುವುದೆಂದರೆ ಸಂಕೋಚ. ಭಾವ ಗೋಡೆಯ ಈಚೆ ಕುರ್ಚಿ ಹಾಕಿಕೊಂಡು ಆಗಾಗ ಸಣ್ಣಗೆ ಕೆಮ್ಮುತ್ತಿದ್ದರು. ಅಷ್ಟೇ. ಆ ಮನೆಗೆ ಬಣ್ಣ ಹೊಡೆಯುವಾಗ ಗೋಡೆಗೆ ಒತ್ತಿ ನಿಲ್ಲಿಸಿದ್ದ ಹಾಸಿಗೆಯ ಗುರುತು ಹಾಗೇ ಇತ್ತು, ಸದ್ದು ಹೋಗದಿರಲೆಂದು ಪಾಪ ನಿಲ್ಲಿಸಿದ್ದವು.

ಭಾವನ ಒಬ್ಬಳೇ ಮಗಳನ್ನು ನಾವೆಲ್ಲ ಪುಟ್ಟಿ ಅನ್ನುತ್ತಿದ್ದೆವು. ಒಂದು ಕಟ್ಟಡದಲ್ಲಿ ಕೆಳಗಿನ ಮನೆಯ ಸಂಗೀತದ ಮೇಷ್ಟ್ರನ್ನು ಎಬ್ಬಿಸಿದ್ದು ಅವಳೇ ಅನ್ನಬೇಕು. ಭಾವ ಅವಳ ಕೈಗೆ ಗೋಲಿಗಳನ್ನು ಕೊಟ್ಟು ನೆಲದ ಮೇಲೆ ಬಿಡಲು ಹೇಳುತ್ತಿದ್ದರು. "ತಾಳ ತಪ್ಪಿಸಿ ಬಿಡು ಮರಿ. ತಾಳ ಸಿಕ್ಕಿದ್ರೆ ಅವರ ಕಿವಿ ಒಗ್ಗಿಹೋಗುತ್ತೆ." ಪುಟ್ಟಿಗೆ ಅದು ಆಟ. ಕೆಳಗೆ ತಂಬೂರಿ ನಿಂತಾಗೆಲ್ಲ ಅಪ್ಪ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇದೆಲ್ಲದರ ನಡುವೆ ಬೆಂದವಳು ನಮ್ಮಕ್ಕ. ಅವಳು ಬಾಯಿ ಇದ್ದವಳು, ಜನ ಬೇಕಾದವಳು. ತವರಿನಲ್ಲಿದ್ದಾಗ ನೀರು ಹಿಡಿಯಲು ಹೋದರೆ ಕೊಡ ತುಂಬಿ ಹರಿದು ಹೋಗುತ್ತಿದ್ದರೂ ಮಾತು ಮುಗಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಅವಳ ಪಾಡೇ ಬೇರೆಯಾಯಿತು. ಹೊಸ ಮನೆಗೆ ಹೋದ ಕೆಲವು ವಾರ ಅಕ್ಕಪಕ್ಕದ ಹೆಂಗಸರು ಅವಳನ್ನು ಮಾತಾಡಿಸುವರು. ಆಮೇಲೆ ಭಾವ ಕೆಲಸಕ್ಕೆ ಇಳಿಯುವರು, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುವವು. ಅವಳು ಮಾತ್ರ ಸಂಜೆಯಾದರೆ ಹೊಸ್ತಿಲಲ್ಲಿ ನಿಲ್ಲುವಳು. ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಮುಖ ಅರಳಿಸಿ "ಊಟ ಆಯ್ತಾ?" ಎಂದು ಕೇಳುವಳು. ಅವರು ಮುಖ ತಿರುಗಿಸಿಕೊಂಡು ಹೋಗುವರು. ನಾನು ಹೋದಾಗ ಒಂದೆರಡು ಸಲ ಕಂಡಿದ್ದೇನೆ. ಆಗೆಲ್ಲ ಒಳಗೆ ಕೂತ ಭಾವ ಎದ್ದು ಹಿತ್ತಲ ಕಡೆ ಹೋಗಿಬಿಡುತ್ತಿದ್ದರು. ಪುಟ್ಟಿ ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಬರೆಯುತ್ತ ಅಪ್ಪ ಎದ್ದು ಹೋಗುವುದನ್ನು ನೋಡುತ್ತಿದ್ದಳು.

"ನನಗೆ ಒಡವೆ ಬೇಡ, ಸೀರೆ ಬೇಡ ಕಣೋ," ಎಂದು ಅಕ್ಕ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ಬಾಗಿಲಲ್ಲಿ ನಿಂತ್ರೆ ಎದುರುಮನೆಯವಳು ಮಾತಾಡಿಸಬೇಕು. ಅಂಥ ಒಂದು ಮನೇಲಿದ್ದು ಸತ್ತರೆ ಸಾಕು."

ಅಂಥ ಮನೆಯ ಆಸೆಯನ್ನು ಸಾಹುಕಾರರು ಪ್ರತಿ ಕಟ್ಟಡದಲ್ಲೂ ತೋರಿಸುತ್ತಿದ್ದರು. "ಇದೊಂದು ಆಗಲಿ ರಾಯರೇ, ನಿಮಗೊಂದು ಕಾಯಂ ಮನೆ. ಮಾತು ಅಂದ್ರೆ ಮಾತು." ಭಾವ ಆ ಮಾತನ್ನು ತಂದು ಅಕ್ಕನಿಗೆ ಒಪ್ಪಿಸುವರು. ಅಕ್ಕ ಇನ್ನೊಂದು ಸಲ ಪಾತ್ರೆಪಡಗ ಕಟ್ಟುವಳು.

ಹೀಗೆ ಹೋದ ಒಂದು ಕಟ್ಟಡದಲ್ಲಿ ಎದುರುಮನೆಯಲ್ಲೇ ಬಟ್ಟೆ ಹೊಲಿಯುವಾಕೆ ಒಬ್ಬಳಿದ್ದಳು. ಆಕೆಗೆ ಒಬ್ಬಳೇ ಮಗಳು, ನಮ್ಮ ಪುಟ್ಟಿಯ ವಯಸ್ಸಿನವಳೇ. ಮಕ್ಕಳಿಬ್ಬರೂ ಎರಡೇ ದಿನಕ್ಕೆ ಅಂಟಿಕೊಂಡವು. ಒಂದೇ ತಟ್ಟೆಯಲ್ಲಿ ಉಣ್ಣುವುದೇನು, ಒಂದೇ ಬಟ್ಟೆಯ ಚೂರಿನಲ್ಲಿ ಇಬ್ಬರ ಗೊಂಬೆಗೂ ಅಂಗಿ ಹೊಲಿಯುವುದೇನು. ಅಕ್ಕನಿಗೂ ಆಕೆಗೂ ಒಳ್ಳೇ ಗೆಳೆತನವಾಯಿತು. ಕಟ್ಟಡದ ಉಳಿದವರೆಲ್ಲ ಹೋದರು. ಆಕೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸದ್ದು ಮಾಡಿದರೆ ಆಕೆಯ ಹೊಲಿಗೆ ಯಂತ್ರವೇ ಅದಕ್ಕಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಕಸ, ವಾಸನೆ, ನೀರು ಯಾವುದಕ್ಕೂ ಆಕೆ ಕ್ಯಾರೇ ಅನ್ನಲಿಲ್ಲ. ಸಾಹುಕಾರರು ದಿನಾ ಹೇಳಿ ಕಳಿಸುತ್ತಿದ್ದರು. ಭಾವನಿಗೆ ಊಟ ಸೇರದಾಯಿತು.

ಒಂದು ಸಂಜೆ ನಾನು ಅಲ್ಲೇ ಇದ್ದೆ. ಪುಟ್ಟಿ ಅನ್ನ ಕಲಸುತ್ತ ತಾನಾಗಿಯೇ ಹೇಳಿದಳು:

"ಅಪ್ಪ, ಅವಳ ಅಪ್ಪ ಮನೆ ಬಿಟ್ಟು ಹೋಗಿದಾರಂತೆ. ವಾಪಸ್ ಬರ್ತೀನಿ ಅಂದಿದ್ರಂತೆ. ಅವರು ಬಂದಾಗ ಕೂಗ್ತಿರಲಿಲ್ಲವಂತೆ, ಚಿಲಕ ಅಲ್ಲಾಡಿಸ್ತಿದ್ರಂತೆ. ಈಗ್ಲೂ ಯಾರಾದ್ರೂ ಚಿಲಕ ಅಲ್ಲಾಡಿಸಿದ್ರೆ ಅವರಮ್ಮ ಮಿಷನ್ ಬಿಟ್ಟು ಓಡ್ತಾರಂತೆ. ಬೇರೆ ಯಾರೋ ಆಗಿದ್ರೆ ಆಮೇಲೆ ಅಳ್ತಾರಂತೆ. ಯಾರಿಗೂ ಹೇಳಬೇಡ ಅಂದಿದಾಳೆ."

ಭಾವನ ಕೈ ತಟ್ಟೆಯಲ್ಲೇ ನಿಂತಿತು. ಅವರು ಅಕ್ಕನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮಗಳ ತಲೆ ಸವರಿದರು.

ಮರುದಿನದಿಂದ ಚಿಲಕ ಸದ್ದಾಗತೊಡಗಿತು. ಬೆಳಿಗ್ಗೆ ಒಮ್ಮೆ, ಕೆಲವು ದಿನ ಮಧ್ಯಾಹ್ನ, ಒಂದೆರಡು ದಿನ ಏನೂ ಇಲ್ಲ. ಭಾವ ಎದುರುಮನೆಯ ಚಿಲಕವನ್ನು ಸಣ್ಣಗೆ ಅಲ್ಲಾಡಿಸಿ, ಎರಡು ಹೆಜ್ಜೆಗೆ ತಮ್ಮ ಬಾಗಿಲೊಳಗೆ ಸೇರಿಕೊಳ್ಳುತ್ತಿದ್ದರು. ಯಂತ್ರ ನಿಲ್ಲುತ್ತಿತ್ತು. ಓಡಿ ಬರುವ ಹೆಜ್ಜೆ ಕೇಳುತ್ತಿತ್ತು. ಬಾಗಿಲು ತೆರೆದುಕೊಳ್ಳುತ್ತಿತ್ತು, ಮತ್ತೆ ಎಷ್ಟೋ ಹೊತ್ತು ಮುಚ್ಚಿಕೊಳ್ಳುತ್ತಿರಲಿಲ್ಲ. ಆಕೆ ಮೊದಮೊದಲು ಮೆಟ್ಟಿಲ ಕೆಳಗೆ ಇಣುಕಿ ನೋಡುವಳು, ಆಮೇಲೆ ರಸ್ತೆವರೆಗೂ ಹೋಗಿ ಬರುವಳು. ಕೊನೆಕೊನೆಗೆ ಯಂತ್ರದ ಮುಂದೆ ಕೂರುವುದನ್ನೇ ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿರುತ್ತಿದ್ದಳು. ಹೊಲಿಯಲು ಕೊಟ್ಟವರು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ನಮ್ಮಕ್ಕ ಗಂಡನ ಕಾಲು ಹಿಡಿದು ಅತ್ತಳು. ಭಾವ, "ಸಾಹುಕಾರರು ಈ ಸಲ ಖಂಡಿತ ಅಂದಿದಾರೆ, ಕೆಳಗಿನ ಅಂತಸ್ತು, ನಿನಗೆ ಬೇಕಾದ ಹಾಗಿನ ಮನೆ," ಎಂದರು. ಅಕ್ಕ ಕಣ್ಣೊರೆಸಿಕೊಂಡಳು. ನನ್ನ ಅಕ್ಕನನ್ನೂ ನಾನು ಒಳ್ಳೆಯವಳು ಅನ್ನಲಾರೆ.

ಆಕೆ ಹೊರಟ ದಿನ ಗೋಡೆಗೆ ಬಣ್ಣದ ಅಳತೆ ನೋಡಲು ನಾನು ಹೋಗಿದ್ದೆ. ಯಂತ್ರವನ್ನು ಯಾರೋ ಕೊಂಡು ಹೊತ್ತುಕೊಂಡು ಹೋಗುತ್ತಿದ್ದರು. ಆ ಹುಡುಗಿ ಮೆಟ್ಟಿಲಲ್ಲಿ ನಿಂತು ಪುಟ್ಟಿಗೆ, "ನಾನು ನಿನಗೆ ಮಾತ್ರ ಹೇಳಿದ್ದೆ," ಎಂದಿತು. ಪುಟ್ಟಿ ಅಳಲಿಲ್ಲ. ಒಳಗೆ ಬಂದು ಅಪ್ಪನ ಎದುರು ನಿಂತಳು.

"ಅಪ್ಪ, ನಿನಗೆ ಯಾವುದು ತಡೆಯೋಕಾಗಲ್ಲ?"

"ನನಗಾ?" ಭಾವ ನಕ್ಕರು. "ನನಗೆ ಎಲ್ಲಾ ತಡೆಯುತ್ತೆ ಮರಿ."

ಅವಳು ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಮೂರನೇ ಕ್ಲಾಸಿನ ಮಗು, ಏನು ತಿಳಿಯುತ್ತದೆ ಅಂದುಕೊಂಡು ನಾನು ಟೇಪು ಹಿಡಿದು ಗೋಡೆ ಅಳೆದೆ.

ಆ ಸಲವೂ ಕಾಯಂ ಮನೆ ಸಿಗಲಿಲ್ಲ. ಇನ್ನೂ ಎಷ್ಟೋ ಕಟ್ಟಡಗಳಾದವು. ಪುಟ್ಟಿ ದೊಡ್ಡವಳಾಗಿ ಒಂದು ಗೋದಾಮಿನಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ಹೋದಳು. ಭಾವನ ಮಂಡಿ ಸವೆಯಿತು, ಮೆಟ್ಟಿಲು ಹತ್ತಿ ಇಳಿದು ಬೆಂಕಿಕಡ್ಡಿ ಬಿಡುವುದು ಕಷ್ಟವಾಯಿತು. ಆಗ ಅವರೊಂದು ಬುದ್ಧಿವಂತಿಕೆ ಮಾಡಿದರು. ಕೊನೆಯ ಕಟ್ಟಡಕ್ಕೆ ಕಾಲಿಡುವ ಮೊದಲೇ, ಕೆಲಸ ಮುಗಿದ ಮೇಲೆ ಅಲ್ಲಿನ ಕೆಳಗಿನ ಮನೆ ತಮಗೆ ಎಂದು ಸಾಹುಕಾರರಿಂದ ಕರಾರು ಮಾಡಿಸಿಕೊಂಡರು. ಗಂಡ ಹೆಂಡತಿ ಬದುಕಿರುವವರೆಗೂ ಬಾಡಿಗೆ ಏರಿಸುವಂತಿಲ್ಲ, ಖಾಲಿ ಮಾಡಿ ಅನ್ನುವಂತಿಲ್ಲ. ಸಾಹುಕಾರರು ಎರಡು ಮಾತಾಡದೆ ಸಹಿ ಹಾಕಿದರು. ಕೆಲಸ ಮುಗಿದಾಗ ಮನೆಯನ್ನೂ ಕೊಟ್ಟರು.

ಬಣ್ಣಕ್ಕೆ ನನ್ನನ್ನೇ ಕರೆಸಿದರು. ಬೇರೆಲ್ಲ ಮನೆಗಳಿಗೂ ಎರಡು ಕೈ. ಕೆಳಗಿನ ಮನೆಗೆ, "ಒಂದು ಕೈ ಸಾಕು ಕಣಯ್ಯ," ಎಂದರು.

ನಾನು ನೇರವಾಗಿ ಭಾವನ ಹತ್ತಿರ ಹೋದೆ. "ಭಾವ, ಒಂದೇ ಕೈ ಅಂದಿದಾರೆ. ನನಗ್ಯಾಕೋ ಸರಿ ಕಾಣ್ತಿಲ್ಲ."

ಭಾವ ಹೊಟ್ಟೆ ಹಿಡಿದು ನಕ್ಕರು. "ಜಿಪುಣ ಅವನು, ಬಣ್ಣದಲ್ಲೂ ಉಳಿಸ್ತಾನೆ. ಅಲ್ವೋ, ಕೋರ್ಟಿಗೆ ಹೋದ್ರೆ ಕರಾರಿದೆ. ನನ್ನನ್ನ ತಾನಾಗೇ ಹೋಗೋ ಹಾಗೆ ಮಾಡಬೇಕು ಅಂದ್ರೆ ನನ್ನಂಥವನೇ ಬರಬೇಕು. ಎಲ್ಲಿದಾನೆ ಅಂಥವನು, ತೋರಿಸು ನೋಡೋಣ."

ಅಷ್ಟು ಕಟ್ಟಡ ತಿಂದ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲ. ಬಾಡಿಗೆ ಏರಿಸಲಾಗದ, ಎಬ್ಬಿಸಲಾಗದ, ಬೇರು ಬಿಟ್ಟ ಹಳೇ ಬಾಡಿಗೆದಾರ ಈಗ ಅವರೇ ಆಗಿದ್ದರು.

ಆದರೂ ನಾನು ಸುಳ್ಳು ಹೇಳಬಾರದು, ಅಕ್ಕನ ಜೀವನದ ಒಳ್ಳೇ ದಿನಗಳು ಅವು. ಕಟ್ಟಡಕ್ಕೆ ಹೊಸದಾಗಿ ಬಂದ ಬಾಡಿಗೆದಾರರಿಗೆ ಖಾಲಿರಾಯ ಯಾರೆಂದು ಗೊತ್ತಿರಲಿಲ್ಲ. ಎದುರುಮನೆಯಾಕೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದವಳು ಚೀಲವನ್ನು ಕೆಳಗಿಡುವ ಮೊದಲೇ "ಊಟ ಆಯ್ತಾ ಅಮ್ಮ?" ಅನ್ನುವಳು. ಪಕ್ಕದ ಮನೆಯ ಮಕ್ಕಳು ಶಾಲೆಯಿಂದ ಬಂದು ಅಕ್ಕನ ಮನೆಯಲ್ಲೇ ಬೀಳುವವು. ಅಕ್ಕ ಮೈಕೈ ತುಂಬಿಕೊಂಡಳು. ನಾನು ಹೋದರೆ ನನಗೆ ಟೀ ಕೊಡುವುದನ್ನೂ ಮರೆತು ಬಾಗಿಲಲ್ಲಿ ಹರಟುತ್ತಿದ್ದಳು, ಭಾವ ಒಳಗಿನಿಂದ ಅದನ್ನು ಕೇಳುತ್ತ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದು ಆ ಜಾಗದ ಮೇಲೆ ಕಣ್ಣು ಹಾಕಿತು. ಇಡೀ ಕಟ್ಟಡ ಖಾಲಿಯಾಗಿ ಬೇಕು. ಉಳಿದವರದು ಹನ್ನೊಂದು ತಿಂಗಳ ಕರಾರು, ಮುಗಿದ ಮೇಲೆ ಹೋಗಬೇಕಾದವರೇ. ಅಡ್ಡ ಇದ್ದದ್ದು ಭಾವ ಒಬ್ಬರು. ಸಾಹುಕಾರರು ಬಂದು ನಯವಾಗಿ ಕೇಳಿದರು. ಭಾವ ಕರಾರನ್ನು ತೋರಿಸಿದರು. ಸಾಹುಕಾರರು ನಗುತ್ತ, "ಇರಲಿ ರಾಯರೇ, ಆರಾಮಾಗಿರಿ," ಎಂದು ಟೀ ಕುಡಿದು ಹೋದರು. ಮುಂದಿನ ತಿಂಗಳು ಮೇಲಿನ ಮನೆಗೆ ಹೊಸ ಬಾಡಿಗೆದಾರರು ಬಂದರು. ಲಾರಿಯಿಂದ ಇಳಿದವಳು ಪುಟ್ಟಿ. ಹಿಂದೆ ಅವಳ ಗಂಡ, ಕಂಕುಳಲ್ಲಿ ಮಗು.

"ಗೋದಾಮು ಮುಚ್ಚಿತು ಅಮ್ಮ. ಇವರಿಗೆ ಕೆಲಸ ಇಲ್ಲ. ಸಾಹುಕಾರರು ಕಮ್ಮಿಗೆ ಕೊಟ್ರು," ಎಂದಳು. ಅಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು. ಮಗಳು ಮೇಲೆ, ತಾನು ಕೆಳಗೆ, ಸ್ವರ್ಗಕ್ಕೆ ಇನ್ನು ಮೂರೇ ಗೇಣು. ಪುಟ್ಟಿಯೂ ಎಷ್ಟು ಒಳ್ಳೆಯವಳೆಂದರೆ, ಮೆಟ್ಟಿಲಲ್ಲಿ ಎದುರಾದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುವಳು, ಬ್ಯಾಂಕಿನಾಕೆಯ ಚೀಲ ಹೊತ್ತು ಕೊಡುವಳು. ಇದನ್ನು ಕಂಡಾಗ ನನಗೆ ಅನುಮಾನ ಹುಟ್ಟಿತು.

ಭಾವನಿಗೆ ಹುಟ್ಟದೆ ಇದ್ದೀತೇ? ಅವರು ನನ್ನನ್ನು ಒಳಗೆ ಕರೆದು, ಮೆತ್ತಗಿನ ದನಿಯಲ್ಲಿ, "ನನ್ನ ಮಗಳನ್ನೇ ನನ್ನ ಮೇಲೆ ಛೂ ಬಿಟ್ಟಿದಾನೆ ನೋಡೋ ಸಾಹುಕಾರ," ಎಂದರು. ಬೇಸರದ ದನಿಯಲ್ಲ, ಚದುರಂಗಕ್ಕೆ ಕೂತವರ ಹುರುಪು ಅದು. "ಗುರುವಿಗೇ ತಿರುಮಂತ್ರ ಹಾಕೋಕೆ ಬಂದಿದಾಳೆ. ಹಾಕಲಿ. ಗೋಲಿ ಬಿಡಲಿ, ಕೆಮ್ಮಲಿ, ಏನು ಬೇಕಾದ್ರೂ ಮಾಡಲಿ. ನಿಮ್ಮಕ್ಕನಿಗೆ ಮಾತ್ರ ಹೇಳಬೇಡ." ಕಿವಿಗೆ ಇಟ್ಟುಕೊಳ್ಳಲು ಹತ್ತಿಯ ಉಂಡೆಗಳನ್ನು ಮಾಡಿ ಕಿಟಕಿಯ ಮೇಲೆ ಇಟ್ಟುಕೊಂಡಿದ್ದರು.

ಮೇಲಿನಿಂದ ಸದ್ದು ಬರಲಿಲ್ಲ. ಮಗು ಕೂಡ ಸಣ್ಣಗೆ ಅಳುತ್ತಿತ್ತು. ಭಾವ ಸೂರು ನೋಡುತ್ತ ದಿನಗಟ್ಟಲೆ ಕಾದರು. ಬಾಗಿಲ ಮುಂದೆ ಕಡ್ಡಿ ಬಿದ್ದಿದೆಯೇ ನೋಡುವರು, ನಲ್ಲಿ ತಿರುಗಿಸಿ ನೀರು ಮೂಸಿ ನೋಡುವರು. ಏನೂ ಇಲ್ಲ. ಆದರೆ ಬ್ಯಾಂಕಿನಾಕೆ ಒಂದು ಸಂಜೆ ಏನೂ ಕೇಳದೆ ಬಾಗಿಲು ಹಾಕಿಕೊಂಡಳು. ಮರುದಿನವೂ ಹಾಗೇ. ಪಕ್ಕದ ಮಕ್ಕಳು ಅಕ್ಕನ ಹೊಸ್ತಿಲ ಹತ್ತಿರ ಬಂದರೆ ಅವರಮ್ಮ ಹೆಸರು ಹಿಡಿದು ಕೂಗಿ ಒಳಗೆ ಎಳೆದುಕೊಂಡಳು. ಅಕ್ಕ ಹೊಸ್ತಿಲಲ್ಲಿ ನಿಂತು, ಮುಖ ಅರಳಿಸಿ, "ಊಟ ಆಯ್ತಾ?" ಎಂದು ಎಲ್ಲರನ್ನೂ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.

ನಾನು ಬ್ಯಾಂಕಿನಾಕೆಯನ್ನು ರಸ್ತೆಯಲ್ಲಿ ನಿಲ್ಲಿಸಿ ಕೇಳಿದೆ.

"ನಿಮ್ಮ ಭಾವ ಏನು ಕೆಲಸ ಮಾಡ್ತಿದ್ರು ಅಂತ ಮೇಲಿನ ಮನೆಯವರು ಹೇಳಿದ್ರು," ಎಂದಳು ಆಕೆ. "ಹೊಲಿಯೋ ಹೆಂಗಸಿನ ಕಥೇನೂ ಹೇಳಿದ್ರು. ಸ್ವಂತ ಮಗಳೇ ಹೇಳಿದ ಮೇಲೆ ಸುಳ್ಳಾಗುತ್ತಾ? ಆ ಅಮ್ಮನ ಹತ್ರ ನಾನು ಮನೆ ವಿಷಯ ಎಲ್ಲಾ ಹೇಳ್ಕೊಂಡಿದೀನಿ. ಅದೆಲ್ಲಾ ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು?"

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಪುಟ್ಟಿ ಮಗುವಿಗೆ ಊಟ ಮಾಡಿಸುತ್ತಿದ್ದಳು.

"ಏನೇ ಇದು? ನಿನ್ನ ಹೆತ್ತವಳು ಕಣೇ ಅವಳು!"

"ಕೂಗಬೇಡ ಮಾವ, ಮಗು ಹೆದರುತ್ತೆ." ಅವಳು ಮಗುವಿನ ಬಾಯಿ ಒರೆಸಿದಳು. "ನಾನು ಒಂದು ಸುಳ್ಳು ಹೇಳಿದೀನಾ? ಒಂದು ಗೋಲಿ ಬಿಟ್ಟಿದೀನಾ? ಆಗಿದ್ದನ್ನ ಆಗಿದ್ದ ಹಾಗೇ ಎಲ್ಲರ ಬಾಗಿಲಿಗೂ ಹೋಗಿ ಹೇಳಿ ಬಂದೆ, ಅಷ್ಟೇ."

"ಅಪ್ಪನ ಮೇಲೆ ಅಷ್ಟು ದ್ವೇಷಾನಾ?"

"ದ್ವೇಷ ಇದ್ರೆ ಕೆಲಸ ಕೆಡುತ್ತೆ. ಅಪ್ಪನೇ ಹೇಳ್ತಿದ್ದಿದ್ದು." ಇನ್ನೊಂದು ತುತ್ತು ಕಲಸಿದಳು. "ಅಪ್ಪನಿಗೆ ಎಲ್ಲಾ ತಡೆಯುತ್ತೆ ಮಾವ. ಅಮ್ಮ ಹೊಸ್ತಿಲಲ್ಲಿ ಮಾತಿಗೆ ಕಾಯ್ತಾ ನಿಲ್ಲೋದು ಒಂದೇ ತಡೆಯಲ್ಲ. ಎದ್ದು ಹಿತ್ತಲಿಗೆ ಹೋಗ್ತಿದ್ರಲ್ಲ, ಅದನ್ನ ನೋಡ್ಕೊಂಡೇ ಬೆಳೆದೆ ನಾನು. ಇವರಿಗೆ ಕೆಲಸ ಇಲ್ಲ. ನನ್ನ ಮಗು ಮನೆಯಿಂದ ಮನೆಗೆ ಅಲೀಬಾರದು. ಕೆಳಗಿನ ಮನೆ ನಮಗೇ ಕೊಡ್ತೀನಿ ಅಂತ ಸಾಹುಕಾರರು ಮಾತು ಕೊಟ್ಟಿದಾರೆ. ಮಾತು ಅಂದ್ರೆ ಮಾತು ಅಂದಿದಾರೆ."

ಈ ಕೊನೆಯ ಮಾತು ಕೇಳಿ ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನಿಸಿತು, ತಬ್ಬಿಕೊಂಡು ಅಳಬೇಕೂ ಅನಿಸಿತು. ಎರಡನ್ನೂ ಮಾಡದೆ ಕೆಳಗೆ ಇಳಿದೆ.

ಭಾವನಿಗೆ ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಮೊದಲು ಕಂಡದ್ದು ಏನು ಗೊತ್ತೇ? ಹೆಮ್ಮೆ. "ಎಷ್ಟು ಚೆನ್ನಾಗಿ ಮಾಡಿದಾಳೆ ನೋಡೋ," ಎಂದರು. "ನನಗೇ ಗೊತ್ತಿರಲಿಲ್ಲವಲ್ಲೋ ಅದು." ಹತ್ತಿಯ ಉಂಡೆಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯಿಂದ ಆಚೆ ಹಾಕಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ತಿಳಿಯದು.

"ರೀ," ಎಂದಳು, "ಖಾಲಿ ಮಾಡೋಣ."

ಈ ಮಾತನ್ನು ಎಷ್ಟು ಹೆಂಗಸರು ತಮ್ಮ ಗಂಡಂದಿರಿಗೆ ಹೇಳುವುದನ್ನು ಭಾವ ಗೋಡೆಗೆ ಕಿವಿಯಿಟ್ಟು ಕೇಳಿದ್ದರೋ. ಕೇಳಿದ ಸಂಜೆ ಸಾಹುಕಾರರಿಗೆ ಫೋನ್ ಮಾಡಿ, ಲಾರಿ ಬರುತ್ತೆ ಅನ್ನುತ್ತಿದ್ದರು. ಈಗ ಕರಾರಿನ ಬಗ್ಗೆ ಏನೋ ಹೇಳಲು ಹೋದರು. ಅಕ್ಕ ಮತ್ತೆ ಹೊಸ್ತಿಲಿಗೆ ಹೋಗಿ ನಿಂತಳು. ಭಾವ ಎದ್ದು ಹಿತ್ತಲಿಗೆ ಹೋದರು. ವಾರದೊಳಗೆ ಲಾರಿಯನ್ನು ಅವರೇ ಕರೆಸಿದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಉಂಡವರು ಅವರೊಬ್ಬರೇ ಆಗಿದ್ದರೆ ನಾನು ಈ ಕಥೆಯನ್ನು ನಗುತ್ತಲೇ ಹೇಳುತ್ತಿದ್ದೆ.

ಸಾಮಾನು ಇಳಿಸಿದ್ದು ನನ್ನ ಮನೆಯ ಹಿಂದಿನ ಕೋಣೆಗೆ. ಅವರು ಬಿಟ್ಟ ಮನೆಗೆ ಬಣ್ಣ ಹೊಡೆಯಲೂ ನಾನೇ ಹೋದೆ. ಪುಟ್ಟಿ ಮಗುವನ್ನೆತ್ತಿಕೊಂಡು ಕೋಣೆ ಕೋಣೆ ಸುತ್ತಿದಳು. "ಅಡುಗೆಮನೆಗೆ ತಿಳಿ ಹಸಿರು ಹಾಕು ಮಾವ. ಮಗು ಮಲಗೋ ಕೋಣೆಗೆ ಹಳದಿ."

"ಸಾಹುಕಾರರು ಒಂದೇ ಕೈ ಅಂದಿದಾರೆ, ಪುಟ್ಟಿ."

ಒಂದು ಕೈ ಅಂದರೇನೆಂದು ಬಣ್ಣದವನ ಅಕ್ಕನ ಮಗಳಿಗೆ ಬಿಡಿಸಿ ಹೇಳಬೇಕೇ? ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಆಮೇಲೆ ಅಪ್ಪನ ಹಾಗೇ ನ‌ಕ್ಕಳು. "ಜಿಪುಣ ಅವನು," ಎಂದಳು. ಉಳಿದ ಬಾಡಿಗೆದಾರರ ಕರಾರೂ ಮುಗಿದಿತ್ತು. ಪುಟ್ಟಿಯವರು ಕೆಳಗಿನ ಮನೆಗೆ ಇಳಿದು, ಬಣ್ಣದ ವಾಸನೆ ಪೂರ್ತಿ ಹೋಗುವ ಮೊದಲೇ ಕಂಪನಿಯವರು ಬೀಗ ಹಾಕಲು ಬಂದರು. ಪುಟ್ಟಿಯ ಹತ್ತಿರ ಕರಾರು ಇರಲಿಲ್ಲ, ಮಾತು ಮಾತ್ರ ಇತ್ತು. ಗಂಡ, ಮಗು, ಗಂಟುಮೂಟೆ ಸಮೇತ ಎಲ್ಲಿಗೆ ಹೋದಳೋ, ನಮಗೆ ಯಾರಿಗೂ ಹೇಳಲಿಲ್ಲ. ಫೋನ್ ನಂಬರನ್ನೂ ಬದಲಾಯಿಸಿದಳು.

ನಮ್ಮ ಬೀದಿಯ ಹೆಂಗಸರು ಒಳ್ಳೆಯವರು. ದಾರಿಯಲ್ಲಿ ಹೋಗುವಾಗ ಅಕ್ಕನನ್ನು "ಊಟ ಆಯ್ತಾ?" ಎಂದು ಕೇಳುತ್ತಾರೆ. ಅಕ್ಕನಿಗೆ ಅದು ಕೇಳಿಸುವುದೇ ಇಲ್ಲ. ಅವಳ ಕಿವಿ ಇರುವುದು ಹಿಂದಿನ ಕೋಣೆಯ ಹೊರಬಾಗಿಲ ಚಿಲಕದ ಮೇಲೆ. ಹಾಲಿನವನೋ, ನನ್ನ ಹೆಂಡತಿಯೋ ಅದನ್ನು ಮುಟ್ಟಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಸಾಡಿ "ಪುಟ್ಟಿ ಬಂದಳು" ಎಂದು ಓಡುತ್ತಾಳೆ. ಬಾಗಿಲು ತೆರೆದು ರಸ್ತೆವರೆಗೂ ಹೋಗಿ ನೋಡುತ್ತಾಳೆ. ಆಮೇಲೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಾಳೆ. ಹಾಗೆ ಕೂತವಳನ್ನು ಭಾವ ಮಂಚದ ಮೇಲಿನಿಂದ ನೋಡುತ್ತಾರೆ. ಎದ್ದು ಹೋಗೋಣವೆಂದರೆ ನನ್ನ ಮನೆಗೆ ಹಿತ್ತಲಿಲ್ಲ.

ಮೊನ್ನೆ ಅವರು ನನ್ನ ಹತ್ತಿರ ಸ್ಕ್ರೂಡ್ರೈವರ್ ಕೇಳಿ ಪಡೆದರು. ಮಂಡಿ ನೋವಿಗೆ ನರಳುತ್ತ ಬಾಗಿಲ ಮುಂದೆ ಕೂತು, ಆ ಚಿಲಕವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಈಗ ಬಂದವರು ಹೊರಗೆ ನಿಂತು ಕೂಗಬೇಕು. ಆದರೆ ಅಕ್ಕ ಬಾಗಿಲು ಬಿಟ್ಟು ಎದ್ದಿಲ್ಲ. ಚಿಲಕ ಇಲ್ಲದಿದ್ದರೆ ಮಗಳು ಬಂದು ವಾಪಸ್ ಹೋಗಿಬಿಟ್ಟಾಳು ಎಂದು, ಊಟಕ್ಕೂ ಏಳದೆ ಅಲ್ಲೇ ಕೂತಿದ್ದಾಳೆ.